ಅರಬೈಲ್ ತಿರುವಿನ ಸಂಪಿಗೆ

ಮೊನ್ನೆ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಸಂಪಿಗೆಯ ವಾಸನೆ ಬಂತು. ತಲೆಯೆತ್ತಿದರೆ ಪಕ್ಕದ ಖಾಲಿ ಮನೆಯ ಅಂಗಳದ ಮರ ಮೊದಲ ಸಲ ಹೂ ಬಿಟ್ಟಿತ್ತು. ಬಾಯಲ್ಲಿ ಪೇಸ್ಟು ಇಟ್ಟುಕೊಂಡೇ ನಿಂತುಬಿಟ್ಟೆ.

ಆ ಮನೆಯಲ್ಲಿ ಡ್ರೈವರ್ ಮಾವ ಇದ್ದರು. ನಮಗೆ ನೆಂಟರೇನಲ್ಲ, ಯಲ್ಲಾಪುರದ ನಮ್ಮ ಕೇರಿಯ ಮಕ್ಕಳಿಗೆಲ್ಲ ಅವರು ಮಾವ. ಲಾರಿ ಓಡಿಸುತ್ತಿದ್ದಾಗ, ಅಂಕೋಲೆಯಿಂದ ಘಟ್ಟ ಹತ್ತಿ ಬರುವ ದಾರಿಯಲ್ಲಿ ಅರಬೈಲಿನ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅಲ್ಲಿದ್ದ ಮರದ ಸಂಪಿಗೆ ಕೊಯ್ದು ಹೆಂಡತಿಗೆ ತರುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಮಾವ ಲಾರಿ ಬಿಟ್ಟಿದ್ದರು. ಮಕ್ಕಳೂ ಇರಲಿಲ್ಲ. ಸಂಜೆ ಹೆದ್ದಾರಿಯಲ್ಲಿ ಹಾರ್ನ್ ಕೇಳಿದರೆ, ಜಗಲಿಯಲ್ಲಿ ಕೂತಿದ್ದವರು ಸುಮ್ಮನೆ ತಲೆಯೆತ್ತಿ ನೋಡುತ್ತಿದ್ದರು...

ಆ ತಿರುವಿನ ಮರದ ಬೀಜದಿಂದಲೇ ಗಿಡ ಮಾಡಬೇಕೆಂಬುದು ಅವರ ಹಟ. ಆದರೆ ಮೆಣಸು, ಮುರುಗಲು, ಅಡಿಕೆ ಎಲ್ಲವನ್ನೂ ಬಿಸಿಲಿಗೆ ಹರವುವ ಊರಿನವರಲ್ಲವೇ! ಸಂಪಿಗೆ ಬೀಜವನ್ನೂ ಗರಿಗರಿ ಒಣಗಿಸಿ, ಡಬ್ಬಿಯಲ್ಲಿಟ್ಟು, ಮಳೆ ಬಿದ್ದ ಮೇಲೆ ಹಾಕಿದರು. ಒಂದೂ ಹುಟ್ಟಲಿಲ್ಲ. ಮರುವರ್ಷವೂ ಅದೇ ಕಥೆ.

ಅದರ ಮುಂದಿನ ವರ್ಷ ಕಾಯಿಗೊಂಚಲು ಹಿಡಿದು ನಮ್ಮ ಅಂಗಳಕ್ಕೇ ಬಂದರು. "ರಸ್ತೆ ಅಗಲ ಮಾಡ್ಲಿಕ್ಕೆ ಮರ ಕಡಿದು ಹಾಕಿದ್ರು ತಂಗಿ. ಇದೇ ಕೊನೇದು."

"ಅದೆಂತ ಮೆಣಸಿನಕಾಳಾ ಅಣ್ಣ, ಒಣಗಸ್ಲಿಕ್ಕೆ? ಹಸಿ ಇದ್ದಾಗ್ಲೇ ಹಾಕಿ ನೋಡಿ" ಎಂದಳು ಅಮ್ಮ. ಇಬ್ಬರೂ ಕೂತು, ಬೀಜದ ಮೇಲಿನ ಕೆಂಪು ತಿರುಳನ್ನು ಬೂದಿ ಹಚ್ಚಿ ತಿಕ್ಕಿ ತೆಗೆದರು.

ಒಂದೇ ಒಂದು ಹುಟ್ಟಿತು, ಅದೂ ಎಲ್ಲರೂ ಆಸೆ ಬಿಟ್ಟ ಮೇಲೆ. ಮಾವ ದಿನವೂ ಅದರ ಪಕ್ಕ ಕೂತು, ಇವತ್ತು ಘಟ್ಟದಲ್ಲಿ ಯಾವ ಲಾರಿ ಕೆಟ್ಟು ನಿಂತಿದೆ ಎಂಬ ಸುದ್ದಿ ಹೇಳುತ್ತಿದ್ದರು. ಗಿಡಕ್ಕೆ! ಕೇರಿಯವರು ನಗುತ್ತಿದ್ದರು. ಕಸಿ ಗಿಡ ತಂದಿದ್ದರೆ ಬೇಗ ಹೂ ಬಿಡುತ್ತಿತ್ತಲ್ಲ ಎಂದು ನಾನೂ ಒಮ್ಮೆ ಕೇಳಿದೆ.

"ಕಸಿ ಗಿಡಕ್ಕೆ ನಿನ್ನ ಅತ್ತೆ ಗುರ್ತು ಎಲ್ಲಿಂದ ಬರ್ಬೇಕು ಮಗಾ?" ಎಂದರು. "ಆ ಹೂವಂದ್ರೆ ಅರಿಶಿನದ ಬಣ್ಣ. ವಾಸನೆ ಅಂತೂ... ಬಿಟ್ಟಾಗ ತೋರಿಸ್ತೆ, ತಡಿ."

ಮರ ಹಂಚಿನ ಮಟ್ಟಕ್ಕೆ ಬಂತು. ಹೂವಿಲ್ಲ. ಆ ಬೇಸಿಗೆಯಲ್ಲಿ ಮಾವ ತೀರಿಹೋದರು. ಮನೆಗೆ ಬೀಗ ಬಿತ್ತು.

ಮೊನ್ನೆ ಒಂದು ಹೂ ಕೊಯ್ದೆ. ಅರಿಶಿನದ ಬಣ್ಣವಲ್ಲ, ಬೆಣ್ಣೆಯ ಬಣ್ಣ. ಬೀಜದ ಗಿಡ ತಾಯಿಮರದ ಹಾಗೇ ಆಗಬೇಕೆಂದಿಲ್ಲ, ಗೊತ್ತು. ಆದರೂ ಮತ್ತೊಮ್ಮೆ ಮೂಸಿದೆ. ವಾಸನೆಯಾದರೂ ಅದೇ ಹೌದೇ? ಅಮ್ಮನಿಗೆ ನೆನಪಿಲ್ಲ. ಮೂಸಿ ಹೇಳಬೇಕಾದವರು ಒಬ್ಬರೇ ಇದ್ದರು. ಹೂ ಹಿಡಿದು ಅವರ ಜಗಲಿಯ ತನಕ ಹೋಗಿ, ಬೀಗ ನೋಡಿ ವಾಪಸು ಬಂದೆ.