ಮೋತಿಗೆ ನಾನು ಹಾಕಿದ ಕಲೇಜಿ

ಗುರುಬಾಯಕ್ಕನ ಹೊಟ್ಟೆಯೊಳಗೆ ಆ ನೀರಿನ ಗಂಟು ಬೆಳೆದದ್ದು ನನ್ನಿಂದ. ನಾಯಿಯಿಂದ ಬಂತು ಎಂದು ನಮ್ಮ ಓಣಿ ಇವತ್ತಿಗೂ ಹೇಳುತ್ತದೆ. ನಾನೂ ಹೇಳಿದೆ — ಎಲ್ಲರಿಗಿಂತ ಮೊದಲು ಹೇಳಿದವಳೇ ನಾನು. ಆದರೆ ಆ ನಾಯಿಗೆ ರೋಗ ತಿನ್ನಿಸಿದ್ದು ಈ ಕೈ.

ಜಹೀರಾಬಾದಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮದು ಕುರಿಮಾಂಸದ ಅಂಗಡಿ. ಮನೂರಿನ ಕಡೆ ಮೈದುನನ ಕುರಿಹಿಂಡು ಇದೆ. ಮಾಲು ಅಲ್ಲಿಂದಲೇ ಬರುತ್ತದೆ. ಮನೆಯವರು ಕಡಿಯುತ್ತಾರೆ, ಬೋಟಿ, ಕಲೇಜಿ — ಅಂದರೆ ಕರುಳು, ಲಿವರು — ತೊಳೆದು ಬೇರೆ ಮಾಡುವವಳು ನಾನು. ಎದುರಿಗೆ ಗುರುಬಾಯಕ್ಕನ ಹಿಟ್ಟಿನ ಗಿರಣಿ. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ಆದರೂ ನನ್ನ ಬಾಣಂತನದಲ್ಲಿ ತವರಿನವರಿಗಿಂತ ಮುಂಚೆ ಬಂದು ಕೂಸನ್ನು ಎತ್ತಿಕೊಂಡವಳು ಆಕೆ.

ಗಿರಣಿಯ ಬಾಗಿಲಲ್ಲಿ ಬೆಳೆದ ಕಂದು ನಾಯಿ ಮೋತಿ. ಅದಕ್ಕೆ ಜೋಳದ ರೊಟ್ಟಿ ಹಾಕುವವಳು ಆಕೆ, ಮೈ ಸವರುವವಳು ಆಕೆ. ರೊಟ್ಟಿ ತಿಂದ ಮೇಲೆ ಮೋತಿ ನನ್ನ ಹಿತ್ತಲ ಬಾಗಿಲಿಗೆ ಬರುತ್ತಿತ್ತು.

ಕೆಲವು ಕುರಿಗಳ ಕಲೇಜಿಯಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. ಕಂಡರೆ ಗಿರಾಕಿ ತಿರುಗಿ ಹೋಗುತ್ತಾನೆ. ಅಂಥದ್ದನ್ನು ಕೊಯ್ದು ನಾಯಿಗೆ ಎಸೆಯುತ್ತಿದ್ದೆ. ಹಿಂಡಿಗೆ ಔಷಧ ಹಾಕಲು ಬರುತ್ತಿದ್ದ ಪಶು ಡಾಕ್ಟರರು ಒಮ್ಮೆ ಅಂಗಡಿಗೆ ಬಂದಾಗ ಅದನ್ನು ಕಂಡು ಗದರಿದ್ದರು.

"ಇದನ್ನ ನಾಯಿಗೆ ಹಾಕಬ್ಯಾಡ್ರಿ ಅಮ್ಮಾ. ಇದರಾಗ ಹುಳದ ಮರಿ ಇರ್ತಾವ. ನಾಯಿ ಹೊಟ್ಟ್ಯಾಗ ಅವು ಬೆಳದು, ಅದರ ಹೇಲಿನಾಗ ತತ್ತಿ ಬೀಳ್ತಾವ. ಆ ತತ್ತಿ ನಾಯಿ ಮೈಗೆ ಹತ್ತಿ, ಕೈಗೆ ಹತ್ತಿ ನಮ್ಮ ಬಾಯಿಗೆ ಹೋದ್ರ, ಇಂಥವೇ ಗುಳ್ಳಿ ನಮ್ಮ ಹೊಟ್ಟ್ಯಾಗ ಏಳ್ತಾವ. ಕುಣಿ ತೋಡಿ ಮುಚ್ಚರಿ."

ಹೂಂ ಅಂದೆ. ಮುಚ್ಚಲಿಲ್ಲ.

ಎಲ್ಲಿ ಮುಚ್ಚಬೇಕಿತ್ತು? ಓಣಿಗೆಲ್ಲ ಸಿಮೆಂಟು ಬಳಿದಿದ್ದಾರೆ. ಕಸದ ಗಾಡಿಯವನು ಇಂಥದ್ದನ್ನು ಮುಟ್ಟುವುದಿಲ್ಲ. ಮೋರಿಗೆ ಹಾಕಿದರೆ ಮಂದಿ ಮೈಮೇಲೆ ಬರುತ್ತಾರೆ. ನಾಯಿಗೆ ಹಾಕಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ — ಮೇಲೆ ಪುಣ್ಯ ಬೇರೆ! ಈ ಮಾತುಗಳನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ... ಸಾಕು, ಈಗ ನನಗೇ ಕೇಳಿ ಕೇಳಿ ಬೇಸರ ಬಂದಿದೆ. ಹಿತ್ತಲಲ್ಲಿ ನಮ್ಮದೇ ಮಣ್ಣಿನ ಜಾಗವಿತ್ತು. ಅಗೆಯುವ ಸೋಮಾರಿತನ, ಇನ್ನೇನಿಲ್ಲ.

ಕೆಲವು ವರ್ಷಗಳ ಮೇಲೆ ಗುರುಬಾಯಕ್ಕನಿಗೆ ಬಲ ಪಕ್ಕೆಯಲ್ಲಿ ನೋವು ಹತ್ತಿತು. ಗ್ಯಾಸು ಅಂದುಕೊಂಡು ಓಮು ತಿಂದಳು. ಕೊನೆಗೆ ಹೈದರಾಬಾದಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನಲ್ಲಿ ನೀರುಗಂಟು ಕಂಡಿತು. ಆಪರೇಷನ್ ಆಯಿತು. ಮಗ ಬಸವರಾಜ ತಾಯಿಯನ್ನು ಮನೆಯಲ್ಲಿ ಮಲಗಿಸಿ ನೇರ ನಮ್ಮ ಅಂಗಡಿಗೆ ಬಂದ. ಇದು ನಾಯಿಯಿಂದ ಬರುವ ರೋಗ, ನಾಯಿ ಏನು ತಿನ್ನುತ್ತದೆಂದು ವಿಚಾರಿಸಿ ಎಂದು ಆಸ್ಪತ್ರೆಯ ಡಾಕ್ಟರರು ಹೇಳಿದ್ದರಂತೆ.

"ಕಾಕಿ, ಖರೇ ಹೇಳ್ರಿ. ಮೋತಿಗೆ ನಿಮ್ಮ ಅಂಗಡ್ಯಾಗಿಂದು ಹಸೀದು ಏನರ ಹಾಕ್ತಿದ್ರೇನು?"

ಗಿರಾಕಿಗಳಿದ್ದರು. ಮನೆಯವರು ನನ್ನ ಮುಖ ನೋಡಿದರು.

"ಛೇ, ಇಲ್ಲಪಾ. ನಾವು ಎಲ್ಲಾ ಕುಣ್ಯಾಗ ಮುಚ್ಚತೀವಿ. ನಿಮ್ಮವ್ವ ನಾಯಿ ಮಾರಿಗೆ ಮಾರಿ ಹಚ್ಚತಾಳ, ಮತ್ತೇನಾಗ್ತದ?"

ಅವನು ನಂಬಿದ. ಮೋತಿಯನ್ನು ಗೋಣಿಚೀಲದಲ್ಲಿ ಕಟ್ಟಿ ಆಟೋಗೆ ಹಾಕಿಕೊಂಡು ಹೋಗಿ, ಎಲ್ಲೋ ಹೊಲದಲ್ಲಿ ಬಿಟ್ಟುಬಂದ. ಗುರುಬಾಯಕ್ಕ ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ಕೂಗಿದಳು — "ಅದೇನು ಮಾಡ್ಯಾದೋ ಬಸ್ಯಾ, ಮೂಕ ಜೀವ!" ನಾನು ಒಳಗೆ ಬೋಟಿ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಹುಳದ ರೋಗದವಳ ಕೈಯ ಹಿಟ್ಟು ಎಂದು ಮಂದಿ ಗಿರಣಿಗೆ ಬರುವುದು ಬಿಟ್ಟರು. ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ ಎಂದು ಬಸವರಾಜ ಎಲ್ಲರೆದುರು ಗಂಟಲು ಹರಿದುಕೊಂಡ. ಯಾರು ಕೇಳಬೇಕು? ನಾನು — ಎಲ್ಲ ಬಲ್ಲ ನಾನು — ನಾಲ್ಕು ಮಂದಿಯ ಕಣ್ಣಿಗೆ ಬೇರೆಯಾಗಿ ಕಾಣಬಾರದೆಂದು ನನ್ನ ಜೋಳವನ್ನೂ ಬೇರೆ ಗಿರಣಿಗೆ ಒಯ್ದೆ. ಗಿರಣಿ ಮುಚ್ಚಿತು. ಆಕೆ ನಾರಾಯಣಖೇಡದ ಮಗಳ ಮನೆ ಸೇರಿದಳು.

ನಾನು ಆಮೇಲಾದರೂ ತಿದ್ದಿಕೊಂಡೆನೆ? ಇಲ್ಲ. ಬೇರೆ ನಾಯಿಗಳು ಬಂದವು, ನಾನು ಎಸೆಯುತ್ತಲೇ ಇದ್ದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಒಂದು ನಾಯಿಮರಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಆಕೆಯ ಅಜ್ಜಿ ಒಳಗಿಂದ ಕಿರುಚಿದಳು — "ಇಳಸು ಕೆಳಗ! ಗುರುಬಾಯಿ ಆಗಬೇಕಂತಿ ಏನು?"

ಗುರುಬಾಯಕ್ಕನ ಹೆಸರನ್ನು ಬೈಗುಳ ಮಾಡಿಟ್ಟಿದ್ದೆವು. ಆ ಹೊತ್ತಿಗೆ ನನ್ನ ಕೈಯಲ್ಲಿ ಗುಳ್ಳೆಯ ಕಲೇಜಿ — ಆ ಮರಿಯ ತಾಯಿಗೆಂದೇ ಕೊಯ್ದದ್ದು. ಎಂಥ ಹೆಂಗಸು ನಾನು!

ಮರುದಿನ ನಾರಾಯಣಖೇಡದ ಬಸ್ಸು ಹತ್ತಿದೆ. ಗುರುಬಾಯಕ್ಕ ತೊಗರಿಬೇಳೆ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಆಕೆ ಮೊರದಿಂದ ಕಣ್ಣೆತ್ತಲಿಲ್ಲ.

"ನನಗ ಆಗೇ ಅನುಮಾನ ಇತ್ತು, ನಾಗಮ್ಮ. ನೀನೇ ಬಂದು ಹೇಳ್ತಿ ಅಂತ ಕುಂತಿದ್ದೆ. ನೀ ಬರಲಿಲ್ಲ."

"ಅಕ್ಕಾ, ತಪ್ಪಾತು..."

"ಇಲ್ಲಿ ನನ್ನ ಕಿವ್ಯಾಗ ಹೇಳಿದ್ರ ಏನು ಬಂತು? ನಾಕು ಮಂದ್ಯಾಗ ಸುಳ್ಳು ಹೇಳಿದಿ. ನಾಕು ಮಂದ್ಯಾಗೇ ಖರೇ ಹೇಳು. ಹೋಗು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮೋರೆ ಎಲ್ಲಿತ್ತು...

ಹಿತ್ತಲಲ್ಲಿ ಈಗ ಆಳದ ಕುಣಿ ಇದೆ, ಮೇಲೆ ನಾಯಿ ಎಳೆಯದಂತೆ ಚಪ್ಪಡಿ ಕಲ್ಲು. ಅದರಿಂದ ಮೋತಿ ಬರುವುದಿಲ್ಲ, ಗಿರಣಿ ತಿರುಗುವುದಿಲ್ಲ.

ಭಾನುವಾರ ಅಂಗಡಿ ತುಂಬ ಮಂದಿ ಇದ್ದಾಗ ಹೊರಗೆ ಬಂದು ನಿಂತೆ. ಗುಳ್ಳೆ, ಮೋತಿ, ಬಸವರಾಜನಿಗೆ ಹೇಳಿದ ಸುಳ್ಳು — ಒಂದೂ ಬಿಡದೆ ಹೇಳಿದೆ. ಮನೆಯವರ ಮುಖ ಕಪ್ಪಿಟ್ಟಿತು. ಇಬ್ಬರು ಚೀಲ ಮಡಚಿಕೊಂಡು ಹೋದರು. ಒಬ್ಬ, "ಆಗಿದ್ದು ಆತು, ಈಗ್ಯಾಕ ಅದೆಲ್ಲಾ? ಅರ್ಧ ಕಿಲೋ ಹಾಕ್ರಿ" ಅಂದ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟಳು — "ಏನರ ಅನ್ನು, ನಾಯಿದೇ ತಪ್ಪು. ಆಕಿ ಮುಟ್ಟಬಾರದಿತ್ತು."

ನಾನು ಕಟ್ಟೆಯ ಹತ್ತಿರ ಹೋಗಿ, ಆಕೆಯ ಎದುರಿಗೇ ಕುಳಿತು, ಮತ್ತೆ ಮೊದಲಿನಿಂದ ಹೇಳತೊಡಗಿದೆ.