ಸುಣ್ಣದ ಡಬ್ಬಿಯ ಮೇಲಿನ ಅಪವಾದ

ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಆಲೆಟ್ಟಿಯ ಕಮಲಕ್ಕನನ್ನು ಗಂಡ ಕರೆತಂದಾಗ ಅವರಿಗೆ ಮಾತಾಡಲೂ ತ್ರಾಣವಿರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಪ್ರಾಣಕ್ಕೇ ಅಪಾಯ ಅನ್ನುವಷ್ಟು ಏರಿತ್ತು.

"ಇಡೀ ದಿನ ಎಲೆಗೆ ಸುಣ್ಣ ಹಚ್ಚಿ ತಿಂದ್ರೆ ಮತ್ತೆಂತ ಆಗುದು?" ಎಂದು ಗಂಡ ಅವರ ಸುಣ್ಣದ ಡಬ್ಬಿಯನ್ನು ಕಿಟಕಿಯಿಂದ ಆಚೆ ಎಸೆದರು.

ಡ್ರಿಪ್ ಹಾಕಿ, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ತಪ್ಪು ಸುಣ್ಣದ್ದಲ್ಲ. ಥೈರಾಯ್ಡ್ ಹಿಂದಿನ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರ್ತಾ ಉಂಟು. ಆದ್ರೂ ಸದ್ಯಕ್ಕೆ ಸುಣ್ಣ ಬೇಡ."

ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಕಮಲಕ್ಕ ಮೊದಲ ಮಾತು ಮಾತ್ರ ಕೇಳಿಸಿಕೊಂಡರು. "ಡಬ್ಬಿ ಬರ್ಲಿ, ಮತ್ತೆ ಮಾತ್ರೆ" ಎಂದು ನಾನು ಚಾಚಿದ ಮಾತ್ರೆಗೆ ಬಾಯಿ ಬಿಗಿದರು.

ಗಂಡ ಪೊದೆಯೊಳಗೆ ಹುಡುಕಿ ತಂದರು. ನಾನು ಒಳಗಿನ ಸುಣ್ಣ ತೊಳೆದು ಕೊಟ್ಟೆ. ಕಮಲಕ್ಕ ತೆರೆದೂ ನೋಡದೆ ಅದನ್ನು ದಿಂಬಿನಡಿ ಇಟ್ಟು ಮಾತ್ರೆ ನುಂಗಿದರು. ಗಂಡ ಪೊದೆಯಲ್ಲಿ ಬಗ್ಗಿ ತಡಕಾಡುವುದನ್ನು ಅವರು ಕಿಟಕಿಯಿಂದ ಆಗಲೇ ಕಣ್ತುಂಬ ನೋಡಿಯಾಗಿತ್ತು.