ಊಟ ಆಯಿತೇ ಎಂದು ಸ್ವಾಹಿಲಿಯಲ್ಲಿ ಕೇಳಿದೆ

2023ರ ದಸರಾ ರಜೆಯಲ್ಲಿ ನಡೆದದ್ದು ಇದು. ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಾನಿರುವ ಮನೆಯ ಮಹಡಿಯ ಮೇಲೆ ಒಬ್ಬ ಹುಡುಗಿ ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದಳು. ಆ ನಾಲ್ಕೂ ದಿನ ನಾನು ಅವಳನ್ನು ಅವಳದೇ ಭಾಷೆಯಲ್ಲಿ ‘ಊಟ ಆಯ್ತಾ’ ಎಂದು ಕೇಳುತ್ತಿದ್ದೆ.

ನನ್ನದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ರಜೆಯಲ್ಲಿ ಶೇಂಗಾ ಕೀಳುವ ಕೂಲಿಗೆ ಹೋಗಿ, ಹಿರಿಯೂರಿನ ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸ್ ಓದಿ, ಎರಡು ಸಲ ಹೋದ ಇಂಗ್ಲಿಷ್ ಪೇಪರನ್ನು ಮೂರನೇ ಸಲ ಪಾಸು ಮಾಡಿದವಳು. ಆ ಹೆಮ್ಮೆ ನನಗೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಚಿತ್ರದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿ, ಒಬ್ಬಳೇ ಬಾಡಿಗೆಗೆ ಇದ್ದೆ. ಆ ವರ್ಷ ಮಹಡಿಯ ಮೇಲಿನ ಒಂಟಿ ಕೋಣೆಗೆ ನೀಮಾ ಬಂದಳು. ಆಫ್ರಿಕಾದ ತಾಂಜಾನಿಯಾದವಳು, ಮನೆಮಾತು ಸ್ವಾಹಿಲಿ, ಇಲ್ಲಿ ಫಾರ್ಮಸಿ ಓದುತ್ತಿದ್ದಳು, ಊಟ ಕಾಲೇಜಿನ ಮೆಸ್ಸಿನಲ್ಲಿ.

ಇಂಗ್ಲಿಷ್ ಒಂದನ್ನು ಗೆಲ್ಲಲು ಅಷ್ಟು ಪಾಡುಪಟ್ಟ ನನಗೆ, ಮನೆ ಬಾಗಿಲಿಗೇ ಇನ್ನೊಂದು ಭಾಷೆ ಬಂದಿದೆ ಅನ್ನಿಸಿತು. ಒಂದು ನೋಟ್‌ಬುಕ್ ಇಟ್ಟೆ. ಸಂಜೆ ಅವಳು ಮೆಟ್ಟಿಲ ಮೇಲೆ ಕೂತಿದ್ದಾಗ ಒಂದೊಂದೇ ಪದ ಕೇಳಿ ಬರೆದುಕೊಳ್ಳುತ್ತಿದ್ದೆ. ಹೇಗಿದ್ದೀರಿ ಎನ್ನಲು ‘ಹಬಾರಿ’. ಹಿರಿಯರನ್ನು ಕಂಡರೆ ‘ಶಿಕಮೋ’. ನೀರಿಗೆ ‘ಮಾಜಿ’, ಅನ್ನಕ್ಕೆ ‘ವಾಲಿ’, ಮೀನಿಗೆ ‘ಸಮಾಕಿ’. ತಿನ್ನುವುದು ‘ಕುಲಾ’, ಅಡಿಗೆ ಮಾಡುವುದು ‘ಕುಪಿಕಾ’. ಒಂದು ತಿಂಗಳಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಕರೆದು ಹೇಳಿಸುತ್ತಿದ್ದರು. ಒಮ್ಮೆ ನೀಮಾಳನ್ನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ, ಇಬ್ಬರೂ ಸ್ವಾಹಿಲಿ ಮಾತಾಡುವುದನ್ನು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದೆ. ನಾನು ಫೋನ್ ಎತ್ತಿದ್ದನ್ನು ನೋಡಿ ಪಕ್ಕದ ಟೇಬಲಿನವರೂ ಎತ್ತಿದರು. ನೀಮಾ ದೋಸೆ ಅರ್ಧ ಬಿಟ್ಟಳು. ಖಾರ ಆಗಿರಬೇಕು ಅಂದುಕೊಂಡೆ.

ರಜೆ ಶುರುವಾಗುವ ವಾರ ಓನರ್ ಆಂಟಿ ನನ್ನನ್ನು ಕರೆದು, “ಮೇಲಿನ ಹುಡುಗಿ ಕರೆಂಟ್ ಒಲೆ ತಂದವಳೆ ಕಣ್ರಿ ಟೀಚರ್ರೆ. ಅಡಿಗೆ ಮನೆ ಇಲ್ಲದ ರೂಮು ಅದು, ಬೇಯಿಸಂಗಿಲ್ಲ ಅಂತ ಹೇಳ್ರಿ. ನಿಮಗೆ ಅವಳ ಮಾತು ಬರುತ್ತಲ್ಲ” ಅಂದರು. ಹೋಗಿ ಹೇಳಿದೆ. “ಕುಪಿಕಾ ಹಪಾನಾ.” ಅಡಿಗೆ ಬೇಡ. ಎರಡೂ ಪದ ತಡವರಿಸದೆ ಬಂದವು ಎಂದು ಒಳಗೊಳಗೇ ಖುಷಿಯಾಯಿತು. ಅವಳು ತಲೆ ಆಡಿಸಿ ಒಲೆಯನ್ನು ಮಂಚದ ಕೆಳಗೆ ತಳ್ಳಿದಳು. ಬೇಕಾದರೆ ನನ್ನ ಅಡಿಗೆ ಮನೆಯಲ್ಲಿ ಮಾಡಿಕೋ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ರಜೆಗೆ ಮೆಸ್ ಮುಚ್ಚಿತು. ಅದು ನನಗೆ ಗೊತ್ತಿತ್ತು. ಹೊರಗೆಲ್ಲೋ ತಿನ್ನುತ್ತಾಳೆ ಎಂದುಕೊಂಡೆ. ನಮ್ಮ ಕಡೆ ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವುದು ಇದ್ದದ್ದೇ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಉಣ್ಣದವರೂ ಆಯ್ತು ಅಂದುಬಿಡುತ್ತಾರೆ. ಅದನ್ನೇ ಸ್ವಾಹಿಲಿಗೆ ತಂದುಕೊಂಡಿದ್ದೆ. ಮೆಟ್ಟಿಲ ಹತ್ತಿರ ಸಿಕ್ಕಾಗ “ಉಮೆಕುಲಾ?” ಅಂದೆ. ಅವಳು “ಬಾಡೊ” ಅಂದಳು. ಹೊಸ ಪದ. ಅರ್ಥ ಕೇಳಿದೆ. ಇನ್ನೂ ಇಲ್ಲ ಅಂತ, ಎಂದಳು. ‘ಬಾಡೊ: ಇನ್ನೂ ಇಲ್ಲ’ ಎಂದು ಬರೆದುಕೊಂಡು ಒಳಗೆ ಹೋಗಿ ನಾನು ಉಂಡೆ.

ಮಾರನೇ ದಿನವೂ ಬಾಡೊ, ಅದರ ಮಾರನೇ ದಿನವೂ ಬಾಡೊ. ಆ ಪದ ನನಗೆ ಗಟ್ಟಿಯಾಯಿತು. ಮೂರನೇ ದಿನ ಅವಳು ಬ್ರೆಡ್ಡಿನ ಪೊಟ್ಟಣ ಹಿಡಿದು ಕೂತಿದ್ದಳು. ನನ್ನನ್ನು ಕಂಡು “ಕರೀಬು” ಎಂದು ಪೊಟ್ಟಣವನ್ನು ನನ್ನ ಕಡೆ ಚಾಚಿದಳು. ಬನ್ನಿ, ತಗೊಳ್ಳಿ ಎಂದು ಅರ್ಥ. ನಾನು ಥ್ಯಾಂಕ್ಸ್ ಎನ್ನುವುದನ್ನೂ ಸ್ವಾಹಿಲಿಯಲ್ಲೇ ಹೇಳಿ ಬಂದೆ.

ನಾಲ್ಕನೇ ದಿನ ಊರಿನಿಂದ ಅಮ್ಮ ರಾಗಿ ಹಿಟ್ಟು ಹೊತ್ತುಕೊಂಡು ಬಂದರು. ಮಧ್ಯಾಹ್ನ ಮುದ್ದೆ ತಿರುವಿ, ಹುರುಳಿಕಾಳಿನ ಸಾರು ಇಳಿಸಿ, ಗಾಳಿಗೆಂದು ಬಾಗಿಲಲ್ಲಿ ಬಂದು ನಿಂತರು. ನೀಮಾ ಮೇಲಿನಿಂದ ಇಳಿದು ಬಂದಳು. ಅಮ್ಮನಿಗೆ ತೋರಿಸಲು ನಾನು “ಉಮೆಕುಲಾ?” ಅಂದೆ. ಅವಳು ಮೆಲ್ಲಗೆ “ಬಾಡೊ” ಅಂದಳು.

“ಏನಂತಾಳೆ?” ಎಂದರು ಅಮ್ಮ.

“ಊಟ ಆಯ್ತಾ ಅಂತ ಕೇಳ್ದೆ ಕಣಮ್ಮ. ಇನ್ನೂ ಇಲ್ಲ ಅಂದ್ಳು.”

ಅಮ್ಮ ನನ್ನ ಮುಖವನ್ನೇ ನೋಡಿದರು. “ಇಲ್ಲ ಅಂದ್ಲಾ? ಮತ್ತೆ ಇನ್ನೂ ಇಲ್ಲೇ ನಿಂತೀಯಲ್ಲೇ. ಹೋಗು, ತಟ್ಟೆ ಇಕ್ಕು.” ಆಮೇಲೆ ನೀಮಾಳ ಕೈ ಹಿಡಿದು, “ಬಾರವ್ವ, ಒಳಗೆ ಕುಂತ್ಕ. ಬಿಸಿ ಐತೆ, ನಿಧಾನಕ್ಕೆ ಉಣ್ಣು” ಎಂದು ಕರೆದುಕೊಂಡು ಹೋದರು.

ಆ ಪದವನ್ನು ನಾನೇ ಬಾಯಿಬಿಟ್ಟು ಕನ್ನಡದಲ್ಲಿ ಹೇಳಿದಾಗ ನನಗೆ ಅದು ಮೊದಲ ಸಲ ಕೇಳಿಸಿತು. ಒಳಗೆ ಹೋಗಿ ತಟ್ಟೆ ತೆಗೆದೆ.

ಮುದ್ದೆ ಕಂಡು ನೀಮಾ “ಉಗಾಲಿ” ಎಂದು ನಕ್ಕಳು. ಅವರ ಕಡೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರಂತೆ. ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಎರಡು ಮುದ್ದೆ ಉಂಡಳು. ಇಷ್ಟು ದಿನ ಏನು ತಿಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು. ಹೋಟೆಲಿಗೆ ಯಾಕೆ ಹೋಗಲಿಲ್ಲ ಎಂದರೆ, ತಿನ್ನುವಾಗ ಎಲ್ಲರೂ ಫೋನ್ ಹಿಡಿಯುತ್ತಾರೆ ಮೇಡಂ, ಅಂದಳು. ಮೊದಲು ಹಿಡಿದವಳು ನಾನೇ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕೈ ತೊಳೆಯುವಾಗ ಅವಳೇ ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಹೇಳಿದಳು, ನಗುನಗುತ್ತಲೇ. “ನಮ್ಮ ಮನೇಲಿ ಅಮ್ಮ ‘ಉಮೆಕುಲಾ’ ಅಂತ ಕೇಳೋದು ಸೌಟು ಕೈಯಲ್ಲಿ ಹಿಡ್ಕೊಂಡು. ನೀವು ಕೇಳಿದ ಮೊದಲ ದಿನ, ಈಗ ಕರೀತೀರ ಅಂತ ಬಟ್ಟೆ ಬದಲಾಯಿಸಿ ಕಾಯ್ತಾ ಕೂತಿದ್ದೆ.”

ನಾನು ನಲ್ಲಿ ನಿಲ್ಲಿಸುವ ನೆಪ ಮಾಡಿ ತಲೆ ತಗ್ಗಿಸಿದೆ.

ರಜೆ ಮುಗಿಯುವವರೆಗೂ ಅವಳು ನಮ್ಮಲ್ಲೇ ಉಂಡಳು. ಅಮ್ಮನಿಗೂ ಅವಳಿಗೂ ಭಾಷೆಯಲ್ಲಿ ಒಂದು ಪದವೂ ಸೇರುತ್ತಿರಲಿಲ್ಲ, ಆದರೂ ಇಬ್ಬರೂ ಅಡಿಗೆ ಮನೆಯಲ್ಲಿ ಗಂಟೆಗಟ್ಟಲೆ ಇರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಮತ್ತೆ ಸ್ವಾಹಿಲಿ ಹೇಳು ಎಂದರೆ, ಮರೆತುಹೋಯಿತು ಎನ್ನುತ್ತಿದ್ದೆ. ಒಂದು ಪದವೂ ಮರೆತಿರಲಿಲ್ಲ.

ಈ ವರ್ಷ ಅವಳು ಕೋರ್ಸ್ ಮುಗಿಸಿ ಹೊರಟಾಗ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕ್ಷಮಿಸು ಎನ್ನಲು ಅವರಲ್ಲಿ ಏನನ್ನುತ್ತಾರೆ ಎಂದು ಹಿಂದಿನ ದಿನವೇ ಹುಡುಕಿ ಬಾಯಿಪಾಠ ಮಾಡಿಕೊಂಡಿದ್ದೆ. ಬಸ್ ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದರೂ ಅದು ಬಾಯಿಗೆ ಬರಲಿಲ್ಲ. ಹೇಳಿದರೆ, ಮೇಡಂ, ಉಚ್ಚಾರಣೆ ಎಷ್ಟು ಚೆನ್ನಾಗಿದೆ ಅಂದುಬಿಡುತ್ತಾಳೇನೋ ಎಂದು ಹೆದರಿಕೆಯಾಯಿತು.